ಕ್ಲಚ್ಚಕ್ಕ ಎರಡು ಪೆಡಲಿನ ಗಾಡಿ ಕೊಂಡದ್ದು

ಕ್ಲಚ್ಚಕ್ಕನ ಎದುರು ಆಟೋಮ್ಯಾಟಿಕ್ ಗಾಡಿಯನ್ನು ಹೊಗಳಿ ಬಚಾವಾದವರು ಯಾರೂ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದ ಅವಳಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದೂ ಅಲ್ಲ. ಮೊದಲ ನಾಲ್ಕು ದಿನ ಅವಳು ಯಾರಿಗೂ ಗಾಡಿ ಓಡಿಸಲು ಬಿಡುತ್ತಿರಲಿಲ್ಲ. ನಿಂತ ಗಾಡಿಯಲ್ಲಿ ಕೂರಿಸಿ, ಎಡಗಾಲಿನ ಚಪ್ಪಲಿ ಬಿಚ್ಚಿಸಿ, ಒತ್ತು, ಬಿಡು, ಅರ್ಧಕ್ಕೆ ನಿಲ್ಲಿಸು ಎಂದು ಪ್ರಾಣ ಹಿಂಡುತ್ತಿದ್ದಳು. "ಗಾಡಿ ಓಡೋದು ಪೆಟ್ರೋಲಲ್ಲಿ ಅಲ್ಲ, ಎಡಗಾಲಲ್ಲಿ" ಎಂಬುದು ಅವಳ ಖಾಯಂ ಪಲ್ಲವಿ.

ಹನ್ನೊಂದನೆಯ ದಿನ ಮಾರುಕಟ್ಟೆ ಕಟ್ಟಡದ ಏರು. ತಾರಸಿಯ ಪಾರ್ಕಿಂಗಿಗೆ ಹೋಗುವ ಆ ಇಳಿಜಾರಿನ ನಟ್ಟನಡುವೆ ಗಾಡಿ ನಿಲ್ಲಿಸಬೇಕು. ಬ್ರೇಕ್ ಮುಟ್ಟಬಾರದು, ಹ್ಯಾಂಡ್‌ಬ್ರೇಕ್ ಎಳೆಯಬಾರದು. ಅರ್ಧ ಕ್ಲಚ್ಚಿನಲ್ಲಿ ಆಕ್ಸಿಲರೇಟರ್ ಹಿತವಾಗಿ ಒತ್ತಿ, ಅವಳು ಮೂವತ್ತು ಎಣಿಸುವ ತನಕ ಗಾಡಿಯನ್ನು ಹಾಗೇ ಹಿಡಿದು ನಿಲ್ಲಿಸಬೇಕು. ಬೇರೆ ಯಾವ ಶಾಲೆಯಲ್ಲೂ ಈ ಪಾಠ ಇರಲಿಲ್ಲ. ಮೂರು ಸಲ ಹಿಂದಕ್ಕೆ ಜಾರಿದವರಿಗೆ ಅವಳು ಮುಖ ಮೋರೆ ನೋಡದೆ ಹೇಳಿಬಿಡುತ್ತಿದ್ದಳು: "ನಿಮ್ಮ ಕಾಲಿಗೆ ಇದು ಒಗ್ಗಲ್ಲ. ಬಸ್ಸಿದೆ, ಆಟೋ ಇದೆ, ಆರಾಮಾಗಿ ಓಡಾಡಿ."

ಈಗ ಒಗ್ಗದೆ ಹೋದದ್ದು ಅವಳ ಕಾಲಿಗೇ. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಡ ಮಂಡಿಯ ಮೆತ್ತೆ ಪೂರಾ ಸವೆದಿದೆ ಎಂದರು. ಕಲಿಸುವವಳ ಬದಿಯಲ್ಲೂ ಒಂದು ಜೊತೆ ಪೆಡಲು ಇರುತ್ತವೆ ಎಂದು ಕೇಳಿ ಅವರಿಗೆ ಅಚ್ಚರಿಯಾಯಿತು.

"ದಿನಕ್ಕೆ ಎಷ್ಟು ಸಲ ಕ್ಲಚ್ ಒತ್ತುತ್ತೀರಿ?"

"ಬಂದೋರ ಮೇಲೆ ಹೋಗುತ್ತೆ ಡಾಕ್ಟ್ರೇ. ಬುದ್ಧಿವಂತ್ರು ಬಂದ್ರೆ ನೂರು, ಇಲ್ಲಾಂದ್ರೆ ಸಾವಿರ."

"ಇನ್ನು ಸೊನ್ನೆ" ಎಂದರು ಡಾಕ್ಟರು.

ಮನೆಗೆ ಬಂದವಳು ಎರಡು ದಿನ ಯಾವ ಪಾಠಕ್ಕೂ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಂಡನೇ ಮಾತು ತೆಗೆದ. ಅವನು ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ, "ಕ್ಲಚ್ ಒತ್ತೋ ಹಾಗಿಲ್ಲದ ಗಾಡಿ ತಗೊಂಡ್ರಾಯ್ತಪ್ಪ" ಎಂದ.

"ತಗೊಂಡು ಏನು ಕಲಿಸಲಿ? ಹಾರ್ನ್ ಹೊಡಿಯೋದಾ?"

ದರ್ಜಿ ನಕ್ಕ. ಅವಳಿಗೆ ನಗು ಬರಲಿಲ್ಲ, ಭಯವಾಗಿತ್ತು. ಅವಳ ವಿದ್ಯೆಯೆಲ್ಲ ಆ ಒಂದು ಪೆಡಲಿನಲ್ಲೇ ಇತ್ತು. ಅದನ್ನು ಕಿತ್ತುಹಾಕಿದರೆ, ಪಕ್ಕದ ಸೀಟಿನಲ್ಲಿ ಕೂತು ದಾರಿ ತೋರಿಸುವ ಹೆಂಗಸು ಎನ್ನುವುದರಾಚೆ ತಾನು ಏನು ಎಂಬುದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆದರೂ ಶನಿವಾರ ಇಬ್ಬರೂ ಶೋರೂಮಿಗೆ ಹೋದರು. ಸೀಟು ಎತ್ತರವಿದ್ದರೆ ಮಂಡಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ ಒಂದು ಚಿಕ್ಕ ಎಸ್‌ಯುವಿ ನೋಡಿದರು. ಅದು ಎರಡು ಬಗೆಯ ಗೇರ್‌ಬಾಕ್ಸಿನಲ್ಲಿ ಬರುತ್ತಿತ್ತು. ಸೇಲ್ಸಿನ ಹುಡುಗನದು ಪಾಠ ಒಪ್ಪಿಸುವುದರಲ್ಲಿ ಎತ್ತಿದ ಕೈ.

"ಇದು ಮಾಮೂಲಿ ಆಟೋಮ್ಯಾಟಿಕ್ ಮೇಡಂ. ಇಂಜಿನ್ನಿಗೂ ಗೇರಿಗೂ ಮಧ್ಯೆ ಎಣ್ಣೆ ಇರುತ್ತೆ, ಬಲ ಆ ಎಣ್ಣೆ ಮೂಲಕ ದಾಟುತ್ತೆ. ಅದು ಡ್ಯುಯಲ್ ಕ್ಲಚ್. ಒಳಗೆ ಎರಡು ಕ್ಲಚ್ ಇರುತ್ತೆ, ಒತ್ತೋದು ಬಿಡೋದು ಎಲ್ಲ ಗಾಡೀನೇ ಮಾಡ್ಕೊಳ್ಳುತ್ತೆ. ಒಂದು, ಮೂರು, ಐದಕ್ಕೆ ಒಂದು ಕ್ಲಚ್ಚು. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ನೀವು ಮೂರರಲ್ಲಿ ಹೋಗ್ತಿರೋವಾಗ್ಲೇ ನಾಲ್ಕು ರೆಡಿಯಾಗಿ ಕಾಯ್ತಿರುತ್ತೆ."

"ನಮ್ಮ ಗಾಡೀಲೂ ಎರಡು ಕ್ಲಚ್ಚಿದೆ ತಮ್ಮಾ. ಒಂದು ಕಲಿಯೋರಿಗೆ, ಇನ್ನೊಂದು ನನ್ನ ಜೀವ ಉಳಿಸ್ಕೊಳ್ಳೋಕೆ."

ಮೊದಲು ಎಣ್ಣೆಯದನ್ನು ಓಡಿಸಿದಳು. ಕೆಲಸಕ್ಕೇನೂ ಮೋಸವಿಲ್ಲ. ಆದರೆ ಆಕ್ಸಿಲರೇಟರ್ ಒತ್ತಿದರೆ, ಕೂಗಿದಾಗ "ಹೂಂ, ಬಂದೆ" ಎಂದು ಕೂತಲ್ಲೇ ಕೂರುವ ಮನೆಯಳಿಯನ ಹಾಗೆ ಒಂದು ಗಳಿಗೆ ತಡೆದು ಹೊರಡುತ್ತಿತ್ತು. ಅವಳು ಮೂಗು ಮುರಿದಳು. ಆಮೇಲೆ ಡ್ಯುಯಲ್ ಕ್ಲಚ್. ದೊಡ್ಡ ರಸ್ತೆಗೆ ಬಂದು ಒತ್ತಿದಳು ನೋಡಿ, ಗೇರು ಬದಲಾದದ್ದು ಕಿವಿಗೆ ಗೊತ್ತಾಯಿತೇ ಹೊರತು ಬೆನ್ನಿಗೆ ಗೊತ್ತಾಗಲಿಲ್ಲ. ತಾನು ಇಷ್ಟು ವರ್ಷ ಎಡಗಾಲಲ್ಲಿ ಮಾಡುತ್ತಿದ್ದುದನ್ನು ಯಾರೋ ತನಗಿಂತ ಚೊಕ್ಕವಾಗಿ ಮಾಡುತ್ತಿದ್ದಾರೆ ಎನ್ನಿಸಿ ಅವಳು ಮನಸೋತಳು. ಹಿಂದಿನ ಸೀಟಿನಲ್ಲಿದ್ದ ದರ್ಜಿಗೆ, ಹೆಂಡತಿ ಬಾಯ್ತುಂಬ ನಗುವುದನ್ನು ಕನ್ನಡಿಯಲ್ಲಿ ಕಂಡು, ಇನ್ನೇನು ಇವತ್ತೇ ಬುಕ್ ಆಯಿತು ಎಂದು ಖಾತ್ರಿಯಾಯಿತು.

"ಒಂದೇ ಒಂದು ಬಾಕಿ" ಎಂದು ಅವಳು ಮಾರುಕಟ್ಟೆಯ ಕಡೆಗೆ ತಿರುಗಿಸಿದಳು.

ಸಂತೆಯಂಥ ಜನದ ನಡುವೆ ಕಾಲು ಗಂಟೆ ತೆವಳಿದ ಮೇಲೆ ಏರು ಸಿಕ್ಕಿತು. ಅಭ್ಯಾಸಬಲ. ಬ್ರೇಕ್ ಮುಟ್ಟದೆ, ಆಕ್ಸಿಲರೇಟರ್ ಒಂದರಲ್ಲೇ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಿ ಮೂವತ್ತು ಎಣಿಸಿದಳು. ಕೆಳಗಿಳಿದು ಮತ್ತೊಮ್ಮೆ. ಮೂರನೆಯ ಸಲಕ್ಕೆ ಗಾಡಿ ಗಡಗಡ ನಡುಗಿತು. ನಾಲ್ಕನೆಯ ಸಲಕ್ಕೆ ಸುಟ್ಟ ವಾಸನೆ ಬಂದು, ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಎಂಬ ಸೂಚನೆ ಪರದೆಯ ಮೇಲೆ ಕೆಂಪಗೆ ಮೂಡಿತು.

ಸೇಲ್ಸಿನವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಮೇಡಂ, ಏರಲ್ಲಿ ಯಾರಾದ್ರೂ ಆಕ್ಸಿಲರೇಟರಲ್ಲಿ ಹಿಡೀತಾರಾ? ಒಳಗಿರೋ ಕ್ಲಚ್ ಉಜ್ಜಿ ಉಜ್ಜಿ ಕಾದುಬಿಡುತ್ತೆ. ಬ್ರೇಕ್ ಒತ್ತಿ ನಿಲ್ಲಿಸಬೇಕು."

"ನಾನು ಹಿಡೀತೀನಿ" ಎಂದಳು ಅವಳು. "ನನ್ನ ಹತ್ರ ಕಲಿತೋರೆಲ್ಲ ಹಿಡೀತಾರೆ."

ಮುಕ್ಕಾಲು ಗಂಟೆ ಗಾಡಿ ಆರುವುದನ್ನು ಕಾಯುತ್ತ ಮೂವರೂ ಕಟ್ಟೆಯ ಮೇಲೆ ಕೂತರು. ತಾನು ಇಷ್ಟು ಕಾಲ ಜಂಬದಿಂದ ಕಲಿಸಿದ್ದು ಕ್ಲಚ್ಚನ್ನು ಸುಡುವ ವಿದ್ಯೆಯನ್ನು ಎಂಬುದು ಅವಳಿಗೆ ಆಗ ಹೊಳೆಯಿತು. ಆಮೇಲೆ ಎಣ್ಣೆಯ ಗಾಡಿ ತರಿಸಿ ಅದೇ ಏರು ಹತ್ತಿಸಿದಳು. ಜನದ ನಡುವೆ ಅದು ಕುಲುಕದೆ ತೆವಳಿತು, ನಿಂತಿತು, ಮತ್ತೆ ತೆವಳಿತು. ಏರಿನಲ್ಲಿ ಈ ಸಲ ಬ್ರೇಕ್ ಒತ್ತಿಯೇ ನಿಲ್ಲಿಸಿದಳು. ಬಿಟ್ಟಾಗ ಸದ್ದಿಲ್ಲದೆ ಮುಂದೆ ಸರಿಯಿತು.

ತಾರಸಿ ಖಾಲಿಯಿತ್ತು. ದರ್ಜಿ ಕೆಮ್ಮಿದ.

"ಒಂದ್ಸಲ ನಾನು ಕೂತ್ಕೊಳ್ಳಲಾ?"

ಮದುವೆಯಾದ ಹೊಸತರಲ್ಲಿ ಅವಳ ಏರಿನ ಪಾಠದಲ್ಲಿ ಫೇಲಾದವರಲ್ಲಿ ಅವನೂ ಒಬ್ಬ. ಅವತ್ತಿನಿಂದ ಸ್ಟೀರಿಂಗ್ ಮುಟ್ಟಿದವನಲ್ಲ. ಅವಳು ಇಳಿದು ಸೀಟು ಬಿಟ್ಟುಕೊಟ್ಟಳು. ಪಕ್ಕದಲ್ಲಿ ಕೂತಳು. ಅವಳ ಬದಿಯಲ್ಲಿ ಪೆಡಲುಗಳೇ ಇಲ್ಲ, ಇದ್ದದ್ದು ಬಾಯಿ ಮಾತ್ರ.

ಹೊಲಿಗೆ ಯಂತ್ರದ ಪೆಡಲನ್ನು ಜೀವಮಾನವಿಡೀ ನಾಜೂಕಾಗಿ ಒತ್ತಿದ ಬಲಗಾಲು ಅವನದು. ಗಾಡಿ ಮೆಲ್ಲಗೆ ಹೊರಟಿತು. ಹೊರಟಿತು ಸರಿ, ಆದರೆ ಅವನ ಕಣ್ಣು ಬಾನೆಟ್ಟಿಗೆ ಅಂಟಿಕೊಂಡಿತ್ತು.

"ಅಲ್ಲಿ ನೋಡಬೇಡಿ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ. ಕನ್ನಡಿ ನೋಡಿದ್ರಾ? ಇಲ್ಲ. ಆ ಕಂಬದ ಹಿಂದಿಂದ ಮಗು ಓಡಿ ಬಂದ್ರೆ ಏನ್ ಮಾಡ್ತೀರಿ? ಈಗ್ಲೇ ಕಾಲು ಬ್ರೇಕ್ ಮೇಲೆ ಇರಬೇಕಲ್ವಾ? ತಿರುಗಿಸೋಕೆ ಮುಂಚೆ ನಿಧಾನ, ತಿರುಗಿಸ್ತಾ ಅಲ್ಲ."

ಅರ್ಧ ಗಂಟೆ ಸುತ್ತಿದರು. ಹೇಳಿ ಹೇಳಿ ಅವಳ ಬಾಯಿ ಒಣಗಿತು. ಇಷ್ಟೂ ಹೊತ್ತು ಒಮ್ಮೆಯೂ ಕ್ಲಚ್ ಎಂಬ ಪದ ಬಾಯಲ್ಲಿ ಬಂದಿರಲಿಲ್ಲ, ಹೇಳುವುದೂ ಮುಗಿದಿರಲಿಲ್ಲ. ಮೊದಲು ಹಿಗ್ಗಾಯಿತು. ಅದರ ಹಿಂದೆಯೇ ನಾಚಿಕೆಯೂ ಆಯಿತು. ಏರಿನಿಂದ ಮನೆಗೆ ಕಳಿಸಿದವರಿಗೆಲ್ಲ ಇದನ್ನು ಕಲಿಸಬಹುದಿತ್ತು. ಕಾಲಿಗೆ ಒಗ್ಗಲ್ಲ ಎಂದಿದ್ದಳು, ತಮ್ಮಿಂದಲೇ ಆಗುವುದಿಲ್ಲ ಎಂದುಕೊಂಡು ಅವರು ಹೋಗಿದ್ದರು.

ಸೇಲ್ಸಿನವನು ಫಾರಂ ಹಿಡಿದು ಬಂದ. "ಯಾವ್ದು ಮೇಡಂ? ನಿಮ್ಗೆ ಡ್ಯುಯಲ್ ಕ್ಲಚ್ ಇಷ್ಟ ಆಗಿತ್ತಲ್ವಾ?"

"ಈಗ್ಲೂ ಅದೇ ಇಷ್ಟ. ಆದ್ರೆ ಅದು ಓಡಿಸೋಕೆ ಗೊತ್ತಿರೋರಿಗೆ. ನನ್ನ ಹತ್ರ ಬರೋರು ಗೊತ್ತಿಲ್ಲದೋರು. ಎಣ್ಣೇದೇ ಬರ್ಕೋ."

ಫಾರಮ್ಮಿಗೆ ಸಹಿ ಹಾಕಿ, ಫೋನು ತೆಗೆದು, ಹಳೆಯ ನಂಬರುಗಳಲ್ಲಿ ಹೈಸ್ಕೂಲಿನ ಒಬ್ಬ ಲೆಕ್ಕದ ಮೇಡಮ್ಮನನ್ನು ಹುಡುಕಿದಳು. ಆರು ವರ್ಷದ ಹಿಂದೆ ಈ ಏರಿನಲ್ಲೇ ಗಾಡಿಯಿಂದಿಳಿದು, ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಹೋದ ಹೆಂಗಸು.

"ನಾನು ಡ್ರೈವಿಂಗ್ ಸ್ಕೂಲಿಂದ. ಅವತ್ತು ನಿಮ್ಮ ಕಾಲಿನ ತಪ್ಪಲ್ಲ, ತಪ್ಪು ನಂದು. ಮುಂದಿನ ತಿಂಗಳು ಹೊಸ ಗಾಡಿ ಬರುತ್ತೆ. ಬರ್ತೀರಾ?"

"ನನಗೀಗ ಐವತ್ತೆರಡು ವರ್ಷ ರೀ" ಎಂದಿತು ಆ ಕಡೆಯ ದನಿ.

"ನನಗೆ ಐವತ್ತೆಂಟು. ನಾನೂ ಇವತ್ತಿಂದಾನೇ ಕಲೀತಿದ್ದೀನಿ."

"ಹಾಗಾದ್ರೆ ಬೆಳಿಗ್ಗೆ ಆರೂವರೆಗೆ ಬರ್ಲಾ? ಆಮೇಲೆ ಶಾಲೆಗೆ ಹೊತ್ತಾಗುತ್ತೆ."

ಕ್ಲಚ್ಚಕ್ಕ ಗಂಡನ ಕಡೆ ನೋಡಿದಳು. ಅವನು ಇನ್ನೂ ಸ್ಟೀರಿಂಗ್ ಬಿಟ್ಟಿರಲಿಲ್ಲ.

"ಏಳಕ್ಕೆ ಬನ್ನಿ" ಎಂದಳು. "ಆರೂವರೆ ನಮ್ಮನೆಯವ್ರಿಗೆ ಕೊಟ್ಟಾಗಿದೆ."