ಕಣ್ಣು ಕೆಂಪಾದ ಬೇಸಿಗೆ

ಹಿರೇಬೆಂಡಿಗೇರಿಯ ನಮ್ಮ ಮನೆಯಲ್ಲಿ ತಮ್ಮ ಹುಟ್ಟಿದಾಗ ನನಗೆ ಹತ್ತು ವರ್ಷ. ಅವ್ವ ಹೆತ್ತದ್ದಷ್ಟೇ, ಸಾಕುವವಳು ನಾನು ಎಂದು ನನಗೆ ಜಂಬ. ನಾಲ್ಕು ತಿಂಗಳ ಕೂಸು ನನ್ನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ.

ಹೋಳಿ ಮುಗಿಯುತ್ತಲೇ ನನ್ನ ಕಣ್ಣು ಕೆಂಪಾದವು. ಅದು ಪ್ರತಿ ವರ್ಷದ ಗೋಳು. ಕಣದಲ್ಲಿ ರಾಶಿಯ ಧೂಳು ಎದ್ದು, ಹಿತ್ತಲ ಬೇವು ಹೂ ಬಿಟ್ಟಿತೆಂದರೆ ತುರಿಕೆ, ನೀರು, ಬೆಳಗಾದರೆ ನೂಲಿನಂಥ ಪಿಸುರು. ಹಿಂದೆಲ್ಲ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಮನೆಯಲ್ಲಿ ಕೂಸಿತ್ತು. ಕಣ್ಣುಬೇನೆ ಬಂದವರ ಮುಖ ನೋಡಿದರೆ ನೋಡಿದವರಿಗೂ ಬರುತ್ತದೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು.

"ಕೂಸಿನ ಕಡೆ ನೋಡಬ್ಯಾಡ. ಅದಕೂ ಬರ್ತಾವ," ಎಂದಳು ಅವ್ವ.

ಇನ್ನು ಎತ್ತಿಕೊಳ್ಳುವ ಮಾತೆಲ್ಲಿ? ತೊಟ್ಟಿಲು ಒಳಕೋಣೆ ಸೇರಿತು, ನನ್ನ ಚಾಪೆ ಪಡಸಾಲೆಗೆ ಬಂತು. ಆಯಿ, ಅಂದರೆ ಅಪ್ಪನ ತಾಯಿ, ದಿನಾ ಬೆಳಿಗ್ಗೆ ನನ್ನ ಕಣ್ಣಿಗೆ ಹರಳೆಣ್ಣೆಯ ಕಾಡಿಗೆ ತೀಡುತ್ತಿದ್ದಳು. ಅದರಿಂದ ಇನ್ನಷ್ಟು ಉರಿ, ನಾನು ಇನ್ನಷ್ಟು ಉಜ್ಜುವುದು. ಕೂಸು ಅತ್ತಾಗೆಲ್ಲ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಅವ್ವನ ಮೇಲೆ ಸಿಟ್ಟು ನೆತ್ತಿಗೇರುತ್ತಿತ್ತು. ಪಾಪ, ಅವಳೂ ಹೆದರಿದ್ದಳೆಂಬುದು ಆಗ ನನಗೆ ಹೊಳೆಯಲಿಲ್ಲ.

ಎರಡು ತಿಂಗಳಾದರೂ ಕಡಿಮೆಯಾಗದಿದ್ದಾಗ ಅಪ್ಪ ನನ್ನನ್ನು ಚಕ್ಕಡಿಯಲ್ಲಿ ಸವಣೂರಿನ ದವಾಖಾನೆಗೆ ಕರೆದೊಯ್ದ. ಆಗಿನ್ನೂ ಅಲ್ಲಿ ನವಾಬರ ಆಳ್ವಿಕೆ. ಡಾಕ್ಟರು ನನ್ನ ರೆಪ್ಪೆ ಮಗುಚಿ ನೋಡಿ ಅಪ್ಪನನ್ನು ಕೇಳಿದರು: "ಮನ್ಯಾಗ ಮತ್ತ್ಯಾರಿಗರ ಬಂದೈತೇನ್ರಿ?"

"ಇಲ್ರಿ. ಹ್ವಾದ ವರ್ಷನೂ ಇಕಿಗಷ್ಟ ಬಂದಿತ್ರಿ."

"ಹಂಗಾರ ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಲ್ರಿ. ಧೂಳು, ಹೂವಿನ ಪುಡಿ ಇಕಿ ಕಣ್ಣಿಗೆ ಆಗಿಬರೂದಿಲ್ಲ. ಕಾಡಿಗಿ ಬಿಡಸ್ರಿ, ಉಜ್ಜಾಕ ಬಿಡಬ್ಯಾಡ್ರಿ. ತಣ್ಣೀರಾಗ ಅದ್ದಿದ ಅರಿವಿ ಕಣ್ಣಮ್ಯಾಲ ಇಡ್ರಿ. ವರ್ಷಾ ಬರ್ತೈತಿ, ಬೆಳದಂಗ ಕಮ್ಮಿ ಆಗತೈತಿ."

ಮನೆಗೆ ಬಂದು ಅಪ್ಪ ಎಲ್ಲವನ್ನೂ ಹೇಳಿದ. ಆಯಿ ಗೊಣಗುತ್ತ ಕಾಡಿಗೆ ಡಬ್ಬಿ ಎತ್ತಿಟ್ಟಳು. ಅವ್ವ ಒಳಗೆ ಹೋಗಿ, ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು.

ಅದು ನನ್ನನ್ನು ಮರೆತಿತ್ತು. ನನ್ನ ಕೆಂಪು ಕಣ್ಣು ಕಂಡು ತುಟಿ ಸೊಟ್ಟ ಮಾಡಿ ಚೀರತೊಡಗಿತು. ನಾನು ತಟ್ಟನೆ ಗೋಡೆಯ ಕಡೆ ತಿರುಗಿದೆ, ಅಷ್ಟು ರೂಢಿಯಾಗಿತ್ತು. ಅವ್ವ ನನ್ನ ಗದ್ದ ಹಿಡಿದು ಮುಖವನ್ನು ಮೆಲ್ಲಗೆ ಕೂಸಿನ ಕಡೆ ತಿರುಗಿಸಿದಳು.

"ಅಳ್ಳಿ ಬಿಡು. ನೀ ನೋಡು," ಎಂದಳು.