ತುಪ್ಪದ ಮಾಸ್ತರರ ದಬ್ಬಣ

ಮಂಕಿಯ ದುರ್ಗಪ್ಪ ಮಾಸ್ತರರು ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಬಡಕಲು ಆಳು, ಅವರಲ್ಲಿ ಮೈಗಿಂತ ತೊಟ್ಟ ಕೋಟೇ ಹೆಚ್ಚು. ಎರಡನೇ ಮಹಾಯುದ್ಧ ಮುಗಿದ ವರ್ಷ ಒಂದು ದಿನ, ಪ್ರಾಣಿದೇಹದ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ಎರಡು ಪದರದ ತೆಳುಪೊರೆ ಇರುತ್ತದೆಂದು ಪಾಠ ಹೇಳಿದರು. ಸುದ್ದಿ ನಾಟಿವೈದ್ಯ ಹರಿಹರ ಪಂಡಿತರ ಕಿವಿಗೆ ಬಿತ್ತು. ಸಂಜೆ ಕಾಸರಕೋಡಿಗೆ ಹೊಳೆ ದಾಟುವ ದೋಣಿಯಲ್ಲಿ, ತುಂಬಿದ ಜನರ ನಡುವೆ, ಪಂಡಿತರು ಮಾಸ್ತರರ ತೋಳು ಹಿಡಿದೆತ್ತಿದರು.

“ಮೈಯೆಲ್ಲ ಕೊಬ್ಬಂತಲ್ರಾ ಮಾಸ್ತರೆ! ಈ ಕೋಲಲ್ಲಿ ತುಪ್ಪ ಎಲ್ಲದೆ?”

ದೋಣಿ ಮಗುಚುವಷ್ಟು ನಗು. ನಡುಹೊಳೆ, ಇಳಿದು ಹೋಗೋಣವೆಂದರೆ ದಾರಿಯಿಲ್ಲ. ಅಂದಿನಿಂದ ಅವರು ‘ತುಪ್ಪದ ಮಾಸ್ತರ’. ಮೀನು ಮಾರುವ ತಿಮ್ಮಿ ಕೂಡ, “ಬಂಗಡೆ ಹುರೂಕೆ ನಿಮ್ಗೆ ಎಣ್ಣೆ ಎಂತಕ್ಕೆ ಮಾಸ್ತರ್ರೆ?” ಎಂದಳು.

ಆ ಹೆಸರು ಗಂಟಲಿಗೆ ಸಿಕ್ಕ ಮುಳ್ಳಾಯಿತು. ಪಂಡಿತರ ಬಾಯಿಯನ್ನು ಜನರೆದುರೇ ಮುಚ್ಚಿಸದೆ ಬಿಡೆನೆಂದು ಮಾಸ್ತರರು ಹಲ್ಲು ಕಚ್ಚಿದರು. ಹೆಂಡತಿ ಸರೋಜಾ ಎಣ್ಣೆಸ್ನಾನಕ್ಕೆ ನೆನೆಹಾಕಿದ್ದ ಅಂಟುವಾಳದ ನೊರೆ ಕಂಡಾಗ ಉಪಾಯ ಹೊಳೆಯಿತು. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಪಂಡಿತರನ್ನೇ ಅಧ್ಯಕ್ಷರಾಗಿ ಕರೆದರು. ಪಂಡಿತರು ಜರಿಶಾಲು ಹೊದ್ದು ಬಂದರು.

“ತಮ್ಮದು ಒಂದೆರಡು ಹನಿ ರಕ್ತ ಬೇಕಿತ್ತು,” ಎಂದು ಮಾಸ್ತರರು ವಿನಯದಿಂದ ಬಾಗಿದರು. ಮನೆಯಲ್ಲಿ ಸಣ್ಣ ಸೂಜಿಯಿತ್ತು. ತಂದದ್ದು ಮಾತ್ರ ಗೋಣಿಚೀಲ ಹೊಲಿಯುವ ದಬ್ಬಣ. ಅದನ್ನು ದೀಪಕ್ಕೆ ಹಿಡಿದು ಶುದ್ಧ ಮಾಡಿದ್ದೊಂದೇ ಅವರು ತೋರಿದ ದಯೆ.

“ಅಯ್ಯಯ್ಯೋ! ಇದು ಎಂತದ್ರಾ?”

“ವಿಜ್ಞಾನ, ಪಂಡಿತರೆ. ಇನ್ನೊಂದ್ಸಲ.”

ಎರಡು ಗ್ಲಾಸಿಗೆ ರಕ್ತ ಬಿತ್ತು. ಬರೀ ಉಪ್ಪುನೀರಿದ್ದದ್ದು ಕೆಂಪಗೆ ಕದಡಿ ನಿಂತಿತು. ಉಪ್ಪುನೀರಿಗೆ ಅಂಟುವಾಳದ ರಸ ಬೆರೆಸಿದ್ದದ್ದು ಕೆಂಪಾಗಿದ್ದೂ ನೋಡನೋಡುತ್ತ ತಿಳಿಯಾಯಿತು. ಗ್ಲಾಸಿನ ಆಚೆ ಹಿಡಿದ ಪುಸ್ತಕದ ಅಕ್ಷರ ಓದಲು ಬಂತು.

“ತಲೆಯ ಎಣ್ಣೆ ತೆಗೆಯುವ ಅಂಟುವಾಳ ರಕ್ತಕಣದ ಕೊಬ್ಬಿನ ಪೊರೆಯನ್ನೂ ಹರಿದುಹಾಕಿತು. ಒಳಗಿನ ಕೆಂಪು ನೀರಿನಲ್ಲಿ ಕರಗಿತು,” ಎಂದು ಮಾಸ್ತರರು ಎದೆಯುಬ್ಬಿಸಿದರು. ಚಪ್ಪಾಳೆ ಬಿತ್ತು.

ಪಂಡಿತರು ಬೆರಳು ಚೀಪುತ್ತಲೇ ಎದ್ದರು. “ಕೊಬ್ಬಿದ್ದದ್ದು ನನ್ನ ರಕ್ತದಲ್ಲಿ! ಮಾಸ್ತರ್ರದ್ದೂ ತೋರ್ಸ್ಲಿ!”

ಸಭೆ ಹೌದೌದೆಂದಿತು. ಸೂಜಿ ಮನೆಯಲ್ಲಿ, ದಬ್ಬಣ ಆಗಲೇ ಪಂಡಿತರ ಕೈಯಲ್ಲಿ. ಅವರೂ ದೀಪಕ್ಕೆ ಹಿಡಿದರು, ಅವರೂ ಅವಸರ ಮಾಡಲಿಲ್ಲ. ಮಾಸ್ತರರ ಗ್ಲಾಸೂ ತಿಳಿಯಾಯಿತು.

ಮರುದಿನ ಸಂಜೆ ಇಬ್ಬರೂ ಬೆರಳಿಗೆ ಬಟ್ಟೆ ಸುತ್ತಿಕೊಂಡು ದೋಣಿ ಹತ್ತಿದರು. ದೋಣಿ ತುಂಬಿತ್ತು. ಬುಟ್ಟಿ ಮಡಿಲಲ್ಲಿಟ್ಟು ಕೂತಿದ್ದ ತಿಮ್ಮಿ ಕೂಗಿದಳು: “ಸ್ವಲ್ಪ ಜರಗ್ರಾ! ತುಪ್ಪದ ಮಾಸ್ತರ್ರೂ ಬಂದ್ರು, ತುಪ್ಪದ ಪಂಡಿತ್ರೂ ಬಂದ್ರು!”

ಮತ್ತದೇ ನಗು, ದೋಣಿ ದಡ ಬಿಟ್ಟರೂ ನಿಲ್ಲಲಿಲ್ಲ. ತಮ್ಮ ಹೆಸರು ಅಳಿಯಲಿಲ್ಲವೆಂದು ಮಾಸ್ತರರಿಗೆ ಬೇಸರವಾಗಬೇಕಿತ್ತು. ಆದರೆ ಪಂಡಿತರು ಕಪ್ಪಿಟ್ಟ ಮುಖದಲ್ಲಿ ದಡ ಹುಡುಕುತ್ತಿದ್ದರು. ನಡುಹೊಳೆ, ಇಳಿದು ಹೋಗೋಣವೆಂದರೆ ದಾರಿಯಿರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ.