ಹತ್ತೂವರೆಯೊಳಗೆ ಬಿಡಬೇಕಾದ ಅಂಟು

ಮಾರಿದ ಗಾಡಿಯಿಂದ ದೇವರನ್ನು ಕೊನೆಯ ಗಳಿಗೆಯವರೆಗೂ ಯಾರೂ ಬಿಡಿಸುವುದಿಲ್ಲ. ಒಂದು ರಾತ್ರಿಯಾದರೂ ದೇವರಿಲ್ಲದೆ ಗಾಡಿ ನಿಲ್ಲಬಾರದೆಂಬ ಭಯ. ಆ ಶುಕ್ರವಾರವೂ ಹಿಂದಿನ ಯಜಮಾನ ಬೆಳಿಗ್ಗೆ ಒಂಬತ್ತೂವರೆ ದಾಟಿದ ಮೇಲೆ ಬಂದು, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಪಿಳ್ಳೈಯಾರ್ ಗಣಪನನ್ನು ಕಿತ್ತು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ದೇವರನ್ನು ಹಿಡಿದಿದ್ದ ಸ್ಪಂಜಿನ ಟೇಪು ಉಳಿಯಿತು. ಆರು ಬೇಸಿಗೆ ತಿರುನೆಲ್ವೇಲಿಯ ಬಿಸಿಲಿನಲ್ಲಿ ಬೆಂದು, ಒಣಗಿದ ಗಾಯದ ಹಾಗೆ ಕಚ್ಚಿಕೊಂಡಿತ್ತು.

ಶೆಣ್ಬಗವಲ್ಲಿ ಗಡಿಯಾರ ನೋಡಿದಳು. ಹತ್ತಕ್ಕೆ ಹತ್ತು ನಿಮಿಷ ಬಾಕಿ. ಹತ್ತೂವರೆಗೆ ರಾಹುಕಾಲ. ಅಷ್ಟರಲ್ಲಿ ಕಾರು ಗೇಟು ದಾಟಬೇಕು.

ಕೊಂಡವರು ವಡಿವಾಂಬಾಳ್, ದೊಡ್ಡಾಸ್ಪತ್ರೆಯ ಹೆಡ್ ನರ್ಸ್. ಐವತ್ತೆರಡನೆಯ ವಯಸ್ಸಿಗೆ ಮೊದಲ ಕಾರು. ನಾಲ್ಕು ನಿಂಬೆಹಣ್ಣು ಹಿಡಿದು ನೆರಳಲ್ಲಿ ನಿಂತಿದ್ದರು. ಮುಂಗಡ ಕೊಟ್ಟ ದಿನವೇ ಹೇಳಿದ್ದರು: “ಅಲ್ಲಿ ನನ್ನ ಮುರುಗ ಕೂರಬೇಕು. ಬೇರೆಯವರ ಸಾಮಿ ಕೂತಿದ್ದ ಗುರುತು ಇದ್ರೆ ಗಾಡಿ ಬೇಡ.”

ಶೆಣ್ಬಗವಲ್ಲಿ ಹುಟ್ಟಿದ್ದು ಕೋವಿಲ್ಪಟ್ಟಿಯಲ್ಲಿ. ಏಳನೆಯ ವಯಸ್ಸಿನಿಂದ ಮದುವೆಯಾಗುವವರೆಗೆ ಬೆಂಕಿಪೊಟ್ಟಣಕ್ಕೆ ಚೀಟಿ ಅಂಟಿಸಿದವಳು. ಗಂಡ ತೀರಿಕೊಂಡ ಮೇಲೆ ಹಳೆ ಕಾರು ಮಾರುವ ಈ ಅಂಗಳಕ್ಕೆ ಬಂದಳು. ಹನ್ನೊಂದು ವರ್ಷದಿಂದ ಅಂಟು ಬಿಡಿಸುವುದೇ ಕೆಲಸ. ಅಂಟು ಯಾವಾಗ ಬಿಗಿಯಾಗಿದೆ, ಯಾವಾಗ ಮನಸ್ಸು ಬದಲಿಸುತ್ತಿದೆ ಎಂಬುದು ಅವಳ ಬೆರಳ ತುದಿಗೆ ಗೊತ್ತು. ಆದರೆ ಹೋದ ತಿಂಗಳು ಅಂಗಳದ ಯಜಮಾನ ಆರುಮುಗನೈನಾರ್ ಅವಸರಕ್ಕೆ ಒಂದು ಬಾಗಿಲಿಗೆ ಅಂಟು ಕರಗಿಸುವ ಥಿನ್ನರ್ ಹಚ್ಚಿ, ಪ್ಲಾಸ್ಟಿಕ್ ಬೆಳ್ಳಗೆ ಸುಟ್ಟುಹೋಗಿ, ತಪ್ಪೆಲ್ಲ ಇವಳ ತಲೆಗೆ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸಕ್ಕೆ ಬರಬೇಡ ಎಂದಿದ್ದರು.

ಅವಳು ಹೊಲಿಗೆ ದಾರವನ್ನು ಟೇಪಿನಡಿ ತೂರಿಸಿ, ಗರಗಸದಂತೆ ಎಳೆದು, ಮೇಲಿನ ಸ್ಪಂಜು ಕತ್ತರಿಸಿದಳು. ಕೆಳಗಿನ ಕಪ್ಪು ಅಂಟಿನ ಮೇಲೆ ಕೊಬ್ಬರಿ ಎಣ್ಣೆಯ ಬಟ್ಟೆ ಹಾಸಿ, ಕೈಕಟ್ಟಿ ಕೂತಳು.

“ಏಯ್ ಶೆಣ್ಬಗಂ, ಕೆಲಸ ಮಾಡ್ತಿದ್ದೀಯೋ, ಧ್ಯಾನ ಮಾಡ್ತಿದ್ದೀಯೋ?” ಯಜಮಾನರು ಕೂಗಿದರು.

“ನೆನೀಬೇಕು, ಅಣ್ಣಾಚ್ಚಿ.”

“ನೆನೆಯೋಕೆ ಅದೇನು ಇಡ್ಲಿ ಅಕ್ಕೀನಾ?”

ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಟ್ಟೆ ತೆಗೆದು ಬೆರಳಿಂದ ಉಜ್ಜಿದಳು. ಅರ್ಧ ಅಂಟು ಹುಳುವಿನಂತೆ ಸುರುಳಿ ಸುತ್ತಿ ಎದ್ದಿತು. ಉಳಿದರ್ಧ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಗುಳಿಗಳಲ್ಲಿ ಅವಿತಿತ್ತು. ಕೆರೆದರೆ ಗೆರೆ ಬೀಳುತ್ತದೆ. ಮತ್ತೆ ಎಣ್ಣೆ ಹಾಕಿದಳು. ಕುತ್ತಿಗೆಯ ಬೆವರು ಬೆನ್ನಿಗಿಳಿಯಿತು.

ಹತ್ತೂಕಾಲಿಗೆ ಯಜಮಾನರು ಥಿನ್ನರ್ ಬಾಟಲಿ ಹಿಡಿದು ಬಾಗಿಲಿಗೆ ಬಂದರು. “ಸರಿ ಆಚೆ. ಒಂದೇ ಒರೆಸು, ಮುಗೀತು.”

ಶೆಣ್ಬಗವಲ್ಲಿ ಅಂಟಿನ ಮೇಲೆ ಅಂಗೈ ಇಟ್ಟಳು.

“ಕೈ ತೆಗಿ.”

“ತೆಗೆಯಲ್ಲ.”

“ಕೈ ಮೇಲೇ ಸುರೀತೀನಿ ನೋಡು!”

“ಸುರೀರಿ ಅಣ್ಣಾಚ್ಚಿ. ನನ್ನ ಚರ್ಮ ಮತ್ತೆ ಬೆಳೀತದೆ. ಇದರದ್ದು ಬೆಳೆಯಲ್ಲ.”

ಅವಳು ಹನ್ನೊಂದು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಇದೇ ಮೊದಲು. ಅವರ ಮುಖ ನೋಡಲಾಗದೆ ನೆರಳಲ್ಲಿದ್ದ ವಡಿವಾಂಬಾಳ್ ಕಡೆ ತಿರುಗಿದಳು.

“ಸಿಸ್ಟರ್, ಹತ್ತೂವರೆಯೊಳಗೆ ಗಾಡಿ ಗೇಟು ದಾಟಿದ್ರೆ ಸಾಕಲ್ವಾ? ಅಂಟು ಬಿಡೋಕೇನೂ ಗಳಿಗೆ ನೋಡಬೇಕಿಲ್ಲವಲ್ಲ?”

“ದಾಟಿದ್ಮೇಲೆ ಬಿಡದಿದ್ರೆ?”

“ನಾನೂ ಕೂತು ಬರ್ತೀನಿ. ಬಿಡೋವರೆಗೂ ಇಳಿಯಲ್ಲ.”

ಯಜಮಾನರು ಬಾಟಲಿಯ ಮುಚ್ಚಳ ಬಿಗಿದರು. “ಆಗಲಿ. ಕೆಟ್ಟರೆ ಅಲ್ಲಿಂದಲೇ ಮನೆಗೆ ನಡಿ. ಈ ಕಡೆ ತಲೆ ಹಾಕಬೇಡ.”

ಚಕ್ರಗಳಡಿ ನಿಂಬೆಹಣ್ಣು ಇಟ್ಟಾಗ ಹತ್ತು ಇಪ್ಪತ್ತೇಳು. ವಡಿವಾಂಬಾಳ್ ಹೊಸ ಕಲಿಕೆಯವರು. ಹಣ್ಣುಗಳು ಜಜ್ಜಿದವು, ಗೇಟಿನ ಹತ್ತಿರ ಗಾಡಿ ಆಫಾಯಿತು. “ಮುರುಗಾ, ಮುರುಗಾ” ಎನ್ನುತ್ತ ಎರಡು ಸಲ ಕೀಲಿ ತಿರುವಿದರು. ಪಕ್ಕದಲ್ಲಿ ಶೆಣ್ಬಗವಲ್ಲಿ ಎಣ್ಣೆಬಟ್ಟೆಯನ್ನು ಒತ್ತಿ ಹಿಡಿದೇ ಇದ್ದಳು. ಮೂರನೆಯ ಸಲಕ್ಕೆ ಕಾರು ಎಗರಿ ರಸ್ತೆಗೆ ಬಿತ್ತು. ಇನ್ನೂ ಒಂದು ನಿಮಿಷ ಉಳಿದಿತ್ತು.

ಬೈಪಾಸಿನ ಬೇವಿನ ಮರದಡಿ ನಿಲ್ಲಿಸಿದರು. ಅವಳು ಮೃದುವಾದ ಬ್ರಷ್ಷಿನಿಂದ ಗುಳಿಗುಳಿಯನ್ನೂ ತಡವಿದಳು. ಅಂಟು ಕರಗಿ, ಮಣಿಮಣಿಯಾಗಿ ಮೇಲೆ ಬಂತು. ಸೋಪುನೀರಿನ ಬಟ್ಟೆಯಿಂದ ಜಿಡ್ಡು ಒರೆಸಿದಳು, ಆಮೇಲೆ ಒಣಬಟ್ಟೆ. ಒಂದು ಗೆರೆಯೂ ಬಿದ್ದಿರಲಿಲ್ಲ.

ಆದರೂ ಅಲ್ಲೊಂದು ಚೌಕ ಕಾಣುತ್ತಿತ್ತು, ಸುತ್ತಲಿಗಿಂತ ಕಪ್ಪಾಗಿ. ವಡಿವಾಂಬಾಳ್ ಬಾಗಿ ನೋಡಿದರು. “ಇದು ಹೋಗಲ್ವಾ?”

ಶೆಣ್ಬಗವಲ್ಲಿ ಸುಳ್ಳು ಹೇಳಬಹುದಿತ್ತು. ನಾಲ್ಕು ದಿನ ಹೊಳಪು ಕೊಟ್ಟು ಗುರುತು ಮುಚ್ಚುವ ದ್ರವ ಅವಳ ಚೀಲದಲ್ಲೇ ಇತ್ತು.

“ಹೋಗಲ್ಲ, ಸಿಸ್ಟರ್. ಇದು ಕಲೆ ಅಲ್ಲ. ಗಾಡಿ ಹುಟ್ಟಿದಾಗಿನ ಬಣ್ಣ ಇದೇ. ಉಳಿದಿದ್ದೆಲ್ಲ ಬಿಸಿಲಿಗೆ ಮಾಸಿದೆ, ಇಷ್ಟು ಜಾಗ ಮಾತ್ರ ಸಾಮಿಯ ನೆರಳಲ್ಲಿತ್ತು.”

ವಡಿವಾಂಬಾಳ್ ಚೌಕದ ಮೇಲೆ ಬೆರಳಾಡಿಸಿದರು. ಬ್ಯಾಂಡೇಜು ಬಿಚ್ಚಿದ ಮೇಲೆ ಚರ್ಮ ಮುಟ್ಟಿ ನೋಡುವವರ ಹಾಗೆ, ನಿಧಾನವಾಗಿ, ಅಂಚಿನಿಂದ ಅಂಚಿಗೆ. ನಂತರ ಫೋನು ತೆಗೆದರು.

“ಅಣ್ಣಾಚ್ಚಿ, ನಾನು. ಗಾಡಿ ನನಗೆ ಒಪ್ಪಿಗೆ, ಇಲ್ಲಿರೋದು ಗುರುತಲ್ಲ, ಗಾಡಿಯ ಹುಟ್ಟುಬಣ್ಣ. ಆ ಬಾಟಲಿ ಮುಟ್ಟಿಸಿದ್ದಿದ್ರೆ ಮಾತ್ರ ಈಗಲೇ ವಾಪಸ್ ತಂದು ನಿಲ್ಲಿಸ್ತಿದ್ದೆ. ಇವಳನ್ನ ನಾನೇ ಬಿಟ್ಟು ಹೋಗ್ತೀನಿ, ಮಧ್ಯಾಹ್ನದ ಕೆಲಸಕ್ಕೆ ಇರ್ತಾಳೆ.”

ಆ ಕಡೆಯಿಂದ ಯಜಮಾನರ ದನಿ ಕೇಳಿಸಿತು: “ಸರಿ, ಬರಲಿ. ಇನ್ನೂ ಎರಡು ಗಾಡಿ ಕಾಯ್ತಿವೆ.”

ಶೆಣ್ಬಗವಲ್ಲಿ ಸೀಟಿಗೆ ಒರಗಿದಳು. ಇಷ್ಟು ಹೊತ್ತು ಬಟ್ಟೆ ಒತ್ತಿ ಹಿಡಿದಿದ್ದ ಬೆರಳುಗಳನ್ನು ಬಿಡಿಸಲು ಹೋದರೆ ಮಡಿಚಿದಂತೆಯೇ ಇದ್ದವು. ಅವು ಸಡಿಲವಾಗಲು ಸ್ವಲ್ಪ ಹೊತ್ತು ಹಿಡಿಯಿತು.